ಕ್ಯಾಥೊಲಿಕ್ ಯಾರು ಎಂದು ಕೇಳಿದ ಸಂಜೆ

ಕೇಳುಗರಿಗೆ ನಮಸ್ಕಾರ.

1976ರ ಜನವರಿ 5. ಉತ್ತರ ಐರ್ಲೆಂಡಿನ ದಕ್ಷಿಣ ಆರ್ಮಾ ಸೀಮೆ. ಚಳಿಗಾಲದ ಸಂಜೆ, ಹೊತ್ತಿಗೆ ಮುಂಚೆ ಕತ್ತಲಾಗಿತ್ತು. ಜವಳಿ ಕಾರ್ಖಾನೆಯಲ್ಲಿ ದಿನದ ಕೆಲಸ ಮುಗಿಸಿದ ಕಾರ್ಮಿಕರು ಮಿನಿಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ಕಿಂಗ್ಸ್‌ಮಿಲ್ ಎಂಬಲ್ಲಿ ಯಾರೋ ದೀಪ ಬೀಸಿ ಬಸ್ಸು ನಿಲ್ಲಿಸಿದರು. ಸೈನ್ಯದವರ ತಪಾಸಣೆ ಇರಬೇಕೆಂದು ಎಲ್ಲರೂ ಇಳಿದರು. ಅಂಥ ತಪಾಸಣೆ ಆಗ ಅಲ್ಲಿ ದಿನನಿತ್ಯದ ಸಂಗತಿ. ಆದರೆ ಬಂದವರು ಮುಸುಕು ಹಾಕಿದ ಬಂದೂಕುಧಾರಿಗಳು. ಅವರಲ್ಲೊಬ್ಬ ಕೇಳಿದ: ನಿಮ್ಮಲ್ಲಿ ಕ್ಯಾಥೊಲಿಕ್ ಯಾರು?

ಅಲ್ಲಿದ್ದ 12 ಮಂದಿಯಲ್ಲಿ ಕ್ಯಾಥೊಲಿಕ್ ಒಬ್ಬನೇ. ಉಳಿದ 11 ಜನ ಪ್ರಾಟೆಸ್ಟೆಂಟರು. ಹಿಂದಿನ ದಿನವಷ್ಟೇ ಅದೇ ಸೀಮೆಯಲ್ಲಿ ಪ್ರಾಟೆಸ್ಟೆಂಟ್ ಉಗ್ರರು ಎರಡು ಕ್ಯಾಥೊಲಿಕ್ ಮನೆಗಳಿಗೆ ನುಗ್ಗಿ ಗುಂಡು ಹಾರಿಸಿದ್ದರು. ಈಗ ತಮ್ಮ ಜೊತೆಗಾರನ ಸರದಿ ಬಂತೆಂದು ತಿಳಿದ ಪ್ರಾಟೆಸ್ಟೆಂಟ್ ಗೆಳೆಯರು ಅವನ ಕೈ ಹಿಡಿದು ತಡೆದರು. ಸುಮ್ಮನಿರು, ಮುಂದೆ ಹೋಗಬೇಡ ಎಂಬುದು ಆ ಹಿಡಿತದ ಅರ್ಥ. ಅವರ ಊಹೆ ತಪ್ಪಿತ್ತು. ಬಂದೂಕುಧಾರಿಗಳು ಆ ಒಬ್ಬನನ್ನು ಪಕ್ಕಕ್ಕೆ ಕರೆದು ಓಡಿಹೋಗು ಎಂದರು. ಉಳಿದ 11 ಜನರ ಮೇಲೆ ಗುಂಡು ಸುರಿಸಿದರು. ಹತ್ತು ಮಂದಿ ಅಲ್ಲೇ ಸತ್ತರು. ಮೈತುಂಬ ಗುಂಡು ಹೊಕ್ಕ ಒಬ್ಬನು ಹೇಗೋ ಬದುಕಿದ. ಇದು ಐಆರ್‌ಎಯ, ಅಂದರೆ ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡನ್ನು ಒಂದಾಗಿಸಲು ಬಂದೂಕು ಹಿಡಿದ ಐರಿಷ್ ರಿಪಬ್ಲಿಕನ್ ಆರ್ಮಿಯ, ಕೃತ್ಯವೆಂದು ಎಷ್ಟೋ ವರ್ಷಗಳ ಬಳಿಕ ನಡೆದ ಪರಿಶೀಲನೆ ಹೇಳಿತು.

ನಾನು ಬಹುಕಾಲ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಅವರೂ ಏಸುವನ್ನು ನಂಬಿದವರು, ಇವರೂ ಏಸುವನ್ನು ನಂಬಿದವರು. ಮತ್ತೆ ಇದು ಧರ್ಮದ ಜಗಳ ಹೇಗಾಯಿತು?" ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಂದು ಮತ್ತೊಮ್ಮೆ ಪ್ರಯತ್ನಿಸುತ್ತೇನೆ.

ಬಂದೂಕು ಹಿಡಿದವನು ಕೇಳಿದ್ದು ಧರ್ಮದ ಹೆಸರನ್ನು, ನಿಜ. ಆದರೆ ನೀನು ಪ್ರಾರ್ಥನೆಗೆ ಹೋಗುತ್ತೀಯಾ, ಪೋಪರನ್ನು ಒಪ್ಪುತ್ತೀಯಾ ಎಂದು ಅವನು ಕೇಳಲಿಲ್ಲ. ಆ ನಾಡಿನಲ್ಲಿ ಕ್ಯಾಥೊಲಿಕ್ ಎಂದರೆ ಒಂದು ಬೀದಿ, ಒಂದು ಶಾಲೆ, ಚುನಾವಣೆಯ ಒಂದು ಮತ, ಸಿಗದೇ ಹೋದ ಒಂದು ಕೆಲಸ. ಪ್ರಾಟೆಸ್ಟೆಂಟ್ ಎಂದರೆ ಇನ್ನೊಂದು ಬೀದಿ, ಇನ್ನೊಂದು ಬಾವುಟ. ಇದರ ಬೇರು ಹದಿನೇಳನೆಯ ಶತಮಾನದಲ್ಲಿದೆ. ಇಂಗ್ಲೆಂಡಿನ ಅರಸರು ಅಲ್‌ಸ್ಟರ್ ಪ್ರಾಂತದಲ್ಲಿ ಐರಿಷ್ ಕ್ಯಾಥೊಲಿಕರ ಜಮೀನನ್ನು ಕಿತ್ತುಕೊಂಡು, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಪ್ರಾಟೆಸ್ಟೆಂಟರನ್ನು ಕರೆತಂದು ನೆಲೆಗೊಳಿಸಿದರು. 1921ರಲ್ಲಿ ಐರ್ಲೆಂಡ್ ಒಡೆದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಅಲ್ಲಿ ಪ್ರಾಟೆಸ್ಟೆಂಟರು ಬಹುಸಂಖ್ಯಾತರು, ಅಧಿಕಾರ ಐವತ್ತು ವರ್ಷ ಅವರ ಯೂನಿಯನಿಸ್ಟ್ ಪಕ್ಷದ, ಅಂದರೆ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವವರ ಪಕ್ಷದ, ಕೈಯಲ್ಲೇ ಇತ್ತು.

ಅಧಿಕಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಒಂದು ಮನೆಯ ಕತೆಯಿಂದ ತಿಳಿಯಬಹುದು. 1968ರ ಜೂನ್. ಟೈರೋನ್ ಕೌಂಟಿಯ ಕ್ಯಾಲಿಡನ್ ಎಂಬ ಹಳ್ಳಿ. ಅಲ್ಲಿ ಸರ್ಕಾರ ಕಟ್ಟಿಸಿದ ಹೊಸ ಮನೆಗಳು. ಅವುಗಳಲ್ಲೊಂದನ್ನು ಹೊಕ್ಕಿದ್ದ, ಪುಟ್ಟ ಮಕ್ಕಳಿದ್ದ ಕ್ಯಾಥೊಲಿಕ್ ಕುಟುಂಬವನ್ನು ಪೊಲೀಸರು ಹೊರಗೆಳೆದು ಹಾಕಿದರು. ಪಕ್ಕದ ಮನೆ ಮಂಜೂರಾದದ್ದು 19 ವರ್ಷದ, ಮದುವೆಯಾಗದ ಪ್ರಾಟೆಸ್ಟೆಂಟ್ ಹುಡುಗಿಗೆ. ಆಕೆ ಯೂನಿಯನಿಸ್ಟ್ ರಾಜಕಾರಣಿಯೊಬ್ಬರ ವಕೀಲರ ಬಳಿ ಕೆಲಸಕ್ಕಿದ್ದವಳು. ಆಸ್ಟಿನ್ ಕರಿ ಎಂಬ ಯುವ ಶಾಸಕ ಆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತರು. ಪೊಲೀಸರು ಬಂದು ಅವರನ್ನೂ ಹೊರಹಾಕಿದರು.

ಒಂದು ಮನೆಗೆ ಇಷ್ಟು ರಂಪವೇ ಎಂದು ಕೇಳಬೇಡಿ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮನೆಯ ಯಜಮಾನ ಅಥವಾ ಬಾಡಿಗೆದಾರ ಮತ್ತು ಆತನ ಹೆಂಡತಿಗೆ ಮಾತ್ರ ಮತದಾನದ ಹಕ್ಕಿತ್ತು. ಅಪ್ಪನ ಮನೆಯಲ್ಲಿರುವ ದೊಡ್ಡ ಮಗನಿಗೆ ಇಲ್ಲ, ಕೋಣೆ ಬಾಡಿಗೆ ಹಿಡಿದವನಿಗೂ ಇಲ್ಲ. ಕಂಪನಿಯ ಮಾಲೀಕರಿಗಾದರೋ ಹೆಚ್ಚುವರಿ ಮತಗಳು! ಹಾಗಾಗಿ ಒಂದು ಮನೆ ಕೊಡುವುದೆಂದರೆ ಎರಡು ಮತ ಕೊಟ್ಟಂತೆ, ಮನೆ ತಪ್ಪಿಸುವುದೆಂದರೆ ಎರಡು ಮತ ಅಳಿಸಿದಂತೆ. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚು. ಆದರೂ ವಾರ್ಡುಗಳ ಗಡಿಯನ್ನು ಎಂಥ ಜಾಣತನದಿಂದ ಗೀಚಿದ್ದರೆಂದರೆ ನಗರಸಭೆಯಲ್ಲಿ ಯೂನಿಯನಿಸ್ಟರು 12, ಎದುರು ಪಕ್ಷದವರು 8. ಬೈಬಲ್ಲಿನ ಯಾವ ಅಧ್ಯಾಯದಲ್ಲಿ ಇದಕ್ಕೆ ಆಧಾರವಿದೆ?

ಅದೇ ವರ್ಷ ಅಕ್ಟೋಬರ್ 5ರಂದು ಡೆರಿಯಲ್ಲಿ ಜನ ಮೆರವಣಿಗೆ ಹೊರಟರು. ಒಬ್ಬರಿಗೊಂದು ಮತ, ಮನೆ, ಉದ್ಯೋಗ ಎಂಬುದಷ್ಟೇ ಬೇಡಿಕೆ. ಪೊಲೀಸರು ಲಾಠಿಯಿಂದ ಉತ್ತರ ಕೊಟ್ಟರು. ಮರುವರ್ಷ ಬ್ರಿಟಿಷ್ ಸೈನ್ಯ ಬಂತು. ಆರಂಭದಲ್ಲಿ ಕ್ಯಾಥೊಲಿಕ್ ಗೃಹಿಣಿಯರು ಆ ಸೈನಿಕರಿಗೆ ಚಹಾ ಕೊಟ್ಟು ಬರಮಾಡಿಕೊಂಡಿದ್ದರು ಎಂಬುದನ್ನು ದಯವಿಟ್ಟು ನೆನಪಿಡಿ. ಆ ಚಹಾ ಆರಿಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1971ರ ಆಗಸ್ಟ್ 9ರ ಬೆಳಗಿನ ಜಾವ ಸೈನ್ಯ ಮನೆಮನೆಗೆ ನುಗ್ಗಿ 342 ಜನರನ್ನು ವಿಚಾರಣೆಯಿಲ್ಲದೆ ಹಿಡಿದೊಯ್ದಿತು. ಪಟ್ಟಿ ಹಳೆಯದು, ಎಷ್ಟೋ ಜನ ತಪ್ಪು ಮನುಷ್ಯರು. ಬಾಂಬು ಬಂದೂಕಿನ ಪ್ರಾಟೆಸ್ಟೆಂಟ್ ಉಗ್ರರೂ ಇದ್ದರಲ್ಲ, ಅವರಲ್ಲಿ ಒಬ್ಬನೂ ಆ ಪಟ್ಟಿಯಲ್ಲಿರಲಿಲ್ಲ. 1972ರ ಜನವರಿ 30ರಂದು, ಆ ಬಂಧನವನ್ನು ವಿರೋಧಿಸಿ ಡೆರಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು, ಗಾಯಗೊಂಡ ಇನ್ನೊಬ್ಬರು ಬಳಿಕ ತೀರಿಕೊಂಡರು. ಅವಸರದ ನ್ಯಾಯಾಂಗ ವಿಚಾರಣೆಯೊಂದು ಸೈನಿಕರನ್ನು ಬಹುಮಟ್ಟಿಗೆ ದೋಷಮುಕ್ತರನ್ನಾಗಿಸಿ, ಸತ್ತವರ ಮೇಲೇ ಶಂಕೆಯ ನೆರಳು ಚೆಲ್ಲಿತು. ಅದಾದ ಮೇಲೆ ಐಆರ್‌ಎ ಹುಡುಗರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಹುಡುಗರೇ ಐಆರ್‌ಎಯನ್ನು ಹುಡುಕಿಕೊಂಡು ಬಂದರು. ಆ ಮೂರು ದಶಕಗಳ ಹಿಂಸೆಯಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಅವುಗಳಲ್ಲಿ ಅತಿ ಹೆಚ್ಚು ಸಾವು ಕಂಡದ್ದು ಇದೇ 1972.

ಇಷ್ಟು ಹೇಳಿದೆನೆಂದು ನಾನು ಬಾಂಬ್ ಇಟ್ಟವನ ಪರ ವಕಾಲತ್ತು ಮಾಡುತ್ತಿದ್ದೇನೆಂದು ಭಾವಿಸಬೇಡಿ. ಅದೇ ಅನ್ಯಾಯವನ್ನು ಉಂಡ ಬಹುಪಾಲು ಕ್ಯಾಥೊಲಿಕರು ಬಂದೂಕು ಮುಟ್ಟಲಿಲ್ಲ. ಚುನಾವಣೆಗಳಲ್ಲಿ ಅವರಲ್ಲಿ ಹೆಚ್ಚಿನವರು ಮತ ಕೊಟ್ಟದ್ದು ಹಿಂಸೆಯನ್ನು ಉದ್ದಕ್ಕೂ ವಿರೋಧಿಸಿದ ಜಾನ್ ಹ್ಯೂಮ್ ಅವರಂಥವರ ಪಕ್ಷಕ್ಕೆ. ಕಾರಣ ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ. ರೋಗದ ಮೂಲ ಹುಡುಕುವ ವೈದ್ಯರನ್ನು ರೋಗದ ಪಕ್ಷಪಾತಿ ಎಂದು ಯಾರೂ ಬಯ್ಯುವುದಿಲ್ಲವಷ್ಟೆ.

ಧರ್ಮ ಇಲ್ಲಿ ಪೂರ್ತಿ ನಿರ್ದೋಷಿ ಎಂದೂ ನಾನು ಹೇಳಲಾರೆ. ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದರು, ಪರಸ್ಪರ ಮದುವೆ ಅಪರೂಪ. ಇಯಾನ್ ಪೇಸ್ಲಿಯಂಥ ಪ್ರಾಟೆಸ್ಟೆಂಟ್ ಪಾದ್ರಿ ಬೋಧನೆಯ ಪೀಠದಿಂದಲೇ ರಾಜಕೀಯ ಗುಡುಗಿದರು. ಧರ್ಮ ಗುರುತು ಕೊಟ್ಟಿತು, ಹಾಡು ಕೊಟ್ಟಿತು, ಸತ್ತವನನ್ನು ಹುತಾತ್ಮನನ್ನಾಗಿ ಹೊರುವ ಹೆಗಲು ಕೊಟ್ಟಿತು. ಇಷ್ಟು ಕೊಟ್ಟರೂ ಬಂದೂಕಿನವನು ಅದರ ಮಾತು ಕೇಳಿದನೇ? 1979ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಐರ್ಲೆಂಡಿನ ಡ್ರಾಹೆಡಾದಲ್ಲಿ ಲಕ್ಷಾಂತರ ಜನರ ಮುಂದೆ ನಿಂತು, ಮಂಡಿಯೂರಿ ಬೇಡುತ್ತೇನೆ, ಹಿಂಸೆಯ ದಾರಿ ಬಿಡಿ ಎಂದರು. ಐಆರ್‌ಎ ಬಿಡಲಿಲ್ಲ. ಜಗತ್ತಿನ ಕ್ಯಾಥೊಲಿಕರ ಪರಮಗುರುವೇ ಬೇಡಿಕೊಂಡರೂ ನಿಲ್ಲದ ಬಂದೂಕನ್ನು ಕ್ಯಾಥೊಲಿಕ್ ಧರ್ಮ ಹಿಡಿಸಿತ್ತು ಎಂದರೆ ನಂಬುವುದು ಹೇಗೆ? ಐರಿಷ್ ಗಣರಾಜ್ಯವಾದದ ಮೂಲಪುರುಷನೆಂದು ಐಆರ್‌ಎಯವರೇ ಪೂಜಿಸುವ ವುಲ್ಫ್ ಟೋನ್ ಹುಟ್ಟಿನಿಂದ ಪ್ರಾಟೆಸ್ಟೆಂಟ್ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇನ್ನು ಜನರ ಕಣ್ಣಿನ ವಿಷಯ. 1974ರ ನವೆಂಬರ್ 21ರ ರಾತ್ರಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಅದೇ ರಾತ್ರಿ, ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿಗೆ ಹಡಗು ಹಿಡಿಯಲು ಹೊರಟಿದ್ದ ಐವರು ಐರಿಷ್ ಮೂಲದವರನ್ನು ಬಂದರಿನಲ್ಲಿ ಹಿಡಿದರು, ಆರನೆಯವನನ್ನು ಮರುದಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅವರು ಹೊರಟದ್ದು ಐಆರ್‌ಎಯವನೊಬ್ಬನ ಶವಸಂಸ್ಕಾರಕ್ಕೆ ಎಂಬುದು ಅನುಮಾನಕ್ಕೆ ಇನ್ನಷ್ಟು ಬಲ ಕೊಟ್ಟಿತು. ಕೈ ಪರೀಕ್ಷಿಸಿದಾಗ ಕೆಲವರ ಕೈಯಲ್ಲಿ ಸ್ಫೋಟಕದ ಅಂಶ ಇದೆ ಎಂದರು. ರೈಲಿನಲ್ಲಿ ಹೊತ್ತು ಕಳೆಯಲು ಅವರು ಇಸ್ಪೀಟು ಆಡಿದ್ದರು. ಇಸ್ಪೀಟು ಎಲೆಯ ಮೇಲಿನ ಹೊಳಪಿನ ಲೇಪವೂ ಆ ಪರೀಕ್ಷೆಯಲ್ಲಿ ಅದೇ ಬಣ್ಣ ತೋರಬಲ್ಲದು ಎಂಬುದು ಮುಂದೆ ಬಯಲಾಯಿತು. ಅಷ್ಟರಲ್ಲಿ ಹೊಡೆತದ ಕೆಳಗೆ ತಪ್ಪೊಪ್ಪಿಗೆ ಬರೆಸಿಕೊಂಡಾಗಿತ್ತು, ಜೀವಾವಧಿ ಶಿಕ್ಷೆಯೂ ಆಗಿತ್ತು. ಅವರು ಹೊರಬಂದದ್ದು 1991ರ ಮಾರ್ಚ್ 14ರಂದು, ಹದಿನಾರು ವರ್ಷ ಜೈಲಿನಲ್ಲಿ ಕೊಳೆತ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುತ್ತೇವಲ್ಲ, ಹಾಗೆ. ಜ್ವರವಂತೂ ಇಳಿಯಲಿಲ್ಲ, ನಿಜವಾಗಿ ಬಾಂಬ್ ಇಟ್ಟವರಿಗೆ ಆ ಸಾವುಗಳಿಗಾಗಿ ಶಿಕ್ಷೆಯೇ ಆಗಲಿಲ್ಲ. ಆ 21 ಜನರ ಮನೆಯವರಿಗೂ ನ್ಯಾಯ ತಪ್ಪಿತು.

ಅಂದು ಐರಿಷ್ ಉಚ್ಚಾರ ಕೇಳಿದರೆ ತಿರುಗಿ ನೋಡುತ್ತಿದ್ದ ಕಣ್ಣು ಆಮೇಲೆ ಬೇರೆ ಹೆಸರುಗಳ ಕಡೆ ಹೊರಳಿತು. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು ಬೆಂಗಳೂರಿನಲ್ಲಿ ಬೆಳೆದ ಎಂಜಿನಿಯರ್. ಅದು ನಾವು ನುಂಗಲೇಬೇಕಾದ ಕಹಿ ಸತ್ಯ, ಅವನು ಧರ್ಮದ ಮಾತನ್ನೇ ಆಡುತ್ತಿದ್ದ ಎಂಬುದೂ ಸತ್ಯ. ಆದರೆ ಎರಡೇ ದಿನದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವನ ಸಂಬಂಧಿಕನಾದ ಕರ್ನಾಟಕದ ಯುವ ವೈದ್ಯ ಮೊಹಮ್ಮದ್ ಹನೀಫ್ ಬಂಧನವಾಯಿತು. ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದವರು ಅವರು. ಅವರ ಮೇಲಿನ ಆರೋಪ, ಹಿಂದಿನ ವರ್ಷ ಬ್ರಿಟನ್ ಬಿಡುವಾಗ ಒಂದು ಸಿಮ್ ಕಾರ್ಡನ್ನು ನೆಂಟನ ಕೈಗೆ ಕೊಟ್ಟು ಬಂದದ್ದು. ಸಿಮ್ ಜೀಪಿನಲ್ಲಿ ಸಿಕ್ಕಿತು ಎಂದು ನ್ಯಾಯಾಲಯದಲ್ಲಿ ಹೇಳಿದರು. ಅದು ಸಿಕ್ಕದ್ದು ಬಹುದೂರದ ಲಿವರ್‌ಪೂಲಿನಲ್ಲಿ. ಜುಲೈ ಮುಗಿಯುವ ಮೊದಲೇ ಆರೋಪ ಬಿದ್ದುಹೋಯಿತು, ಮುಂದೆ ಅಲ್ಲಿನ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಬರ್ಮಿಂಗ್‌ಹ್ಯಾಮಿನ ಆರು ಮಂದಿಗೆ ಹದಿನಾರು ವರ್ಷ ಹಿಡಿದದ್ದು ಇಲ್ಲಿ ವಾರಗಳಲ್ಲಿ ಆಯಿತು. ಇದನ್ನು ನಾನು ಸಣ್ಣ ಸಂಗತಿ ಎನ್ನುವುದಿಲ್ಲ.

1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟಿನಲ್ಲಿ ಒಪ್ಪಂದವಾಯಿತು. ನನ್ನ ವಿದ್ಯಾರ್ಥಿನಿ ಅದನ್ನು ಓದಿದ್ದರೆ ಅವಳ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತಿತ್ತು. ಅದರಲ್ಲಿ ದೇವರ ಕುರಿತು, ಪೋಪರ ಕುರಿತು ಯಾವ ರಾಜಿಯೂ ಇಲ್ಲ. ಇರುವುದು ಅಧಿಕಾರದ ಹಂಚಿಕೆ, ಕೈದಿಗಳ ಬಿಡುಗಡೆ, ಆಯುಧ ತ್ಯಾಗ, ಸಮಾನ ಅವಕಾಶ, ಪೊಲೀಸ್ ಇಲಾಖೆಯ ಪುನರ್ರಚನೆ. ಕ್ಯಾಥೊಲಿಕರು ನೂರಕ್ಕೆ ಎಂಟರಷ್ಟಿದ್ದ ಪೊಲೀಸ್ ಪಡೆಯ ಹೆಸರನ್ನೇ ಬದಲಿಸಿ, ಹತ್ತು ವರ್ಷ ನೇಮಕಾತಿಯಲ್ಲಿ ಅರ್ಧದಷ್ಟನ್ನು ಅವರಿಗೆ ಮೀಸಲಿಟ್ಟರು. ಉತ್ತರದಲ್ಲಿ ಮತ ಹಾಕಿದವರಲ್ಲಿ ಶೇಕಡಾ 71 ಮಂದಿ ಒಪ್ಪಂದಕ್ಕೆ ಹೂಂ ಎಂದರು. ಅದೇ ಆಗಸ್ಟಿನಲ್ಲಿ ಒಪ್ಪದ ಗುಂಪೊಂದು ಒಮಾ ಪಟ್ಟಣದಲ್ಲಿ ಬಾಂಬ್ ಸಿಡಿಸಿ 29 ಜನರನ್ನು ಕೊಂದಿತು. ಆದರೂ ಒಪ್ಪಂದ ಮುರಿಯಲಿಲ್ಲ. ಬೆಲ್‌ಫಾಸ್ಟಿನ ಬೀದಿಗಳ ನಡುವಿನ ಗೋಡೆಗಳು ಮಾತ್ರ ಈಗಲೂ ಇವೆ. ಕೆಲವು ಕಡೆ ರಾತ್ರಿ ಗೇಟು ಮುಚ್ಚುತ್ತಾರೆ.

ಡೆರಿಯ ಆ 14 ಜನರ ಮನೆಯವರು 38 ವರ್ಷ ಕಾದರು. 2010ರ ಜೂನ್ 15ರಂದು ಹೊಸ ವಿಚಾರಣಾ ವರದಿ ಬಂತು. ಕುಟುಂಬದವರಿಗೆ ಅದನ್ನು ಓದಲು ಮೊದಲೇ ನಗರದ ಗಿಲ್ಡ್‌ಹಾಲ್ ಕಟ್ಟಡದೊಳಗೆ ಅವಕಾಶ ಕೊಟ್ಟಿದ್ದರು. ಪ್ರಧಾನಿ ಇನ್ನೂ ಸಂಸತ್ತಿನಲ್ಲಿ ಎದ್ದು ಕ್ಷಮೆ ಕೇಳಿರಲಿಲ್ಲ. ಹೊರಗೆ ಚೌಕದಲ್ಲಿ ಸಾವಿರಾರು ಜನ ದೊಡ್ಡ ಪರದೆಯ ಮುಂದೆ ಕಾಯುತ್ತಿದ್ದರು. ಆಗ ಕಟ್ಟಡದ ಕಿಟಕಿಯಿಂದ ಕೈಗಳು ಹೊರಬಂದವು, ಹೆಬ್ಬೆರಳು ಮೇಲಕ್ಕೆತ್ತಿ. ಸತ್ತವರು ನಿರಪರಾಧಿಗಳು ಎಂದು ಬರೆದಿದೆ ಎಂಬುದು ಚೌಕದಲ್ಲಿದ್ದವರಿಗೆ ತಿಳಿದದ್ದು ಹಾಗೆ.

ನಮಸ್ಕಾರ.