ಸದ್ದು ಯಾವಾಗ ಬರುತ್ತದೆ?

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ ಜಿಲ್ಲೆಯಲ್ಲಿ ಫೋರ್‌ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡವರು ಎರಡು ಬಗೆ. ಸಂಡೂರಿನ ಗಣಿ ರಸ್ತೆಗಳ ಕೆಂಪು ದೂಳಿನಲ್ಲಿ ಓಡಿಸುವವರು ಒಂದು ಕಡೆ. ಸಿರುಗುಪ್ಪ, ಕಂಪ್ಲಿ ಕಡೆಯ ಭತ್ತದ ಗದ್ದೆಗಳಲ್ಲಿ ಎರೆಮಣ್ಣಿಗೆ ಇಳಿಸುವವರು ಇನ್ನೊಂದು ಕಡೆ. ಇಬ್ಬರ ಗಾಡಿಯೂ ಒಂದಲ್ಲ ಒಂದು ದಿನ ವಿಚಿತ್ರವಾಗಿ ಸದ್ದು ಮಾಡತೊಡಗುತ್ತದೆ. ಗ್ಯಾರೇಜಿಗೆ ಬಂದವರು ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಕಟಕಟ, ಗುಂಯ್, ಕಿರಕಿರ. ಕೆಲವರು ಬಹಳ ಚೆನ್ನಾಗಿ ಮಾಡುತ್ತಾರೆ. ಆದರೆ ಮೆಕ್ಯಾನಿಕ್‌ಗೆ ಬೇಕಾದದ್ದು ಬೇರೆ: ಯಾವ ವೇಗದಲ್ಲಿ ಬರುತ್ತದೆ, ತಿರುವಿನಲ್ಲೋ ನೇರದಲ್ಲೋ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ? ಇಷ್ಟು ಗೊತ್ತಾದರೆ ಸ್ಪ್ಯಾನರ್ ಹಿಡಿಯುವ ಮುನ್ನವೇ ಅರ್ಧ ಕೆಲಸ ಮುಗಿಯುತ್ತದೆ. ಗೊತ್ತಾಗದಿದ್ದರೆ ಒಂದೊಂದೇ ಬಿಡಿಭಾಗ ಬದಲಾಯಿಸುತ್ತಾ ಹೋಗುತ್ತಾರೆ, ದುಡ್ಡು ನಿಮ್ಮದು.

ಮೊದಲ ಪರೀಕ್ಷೆ ಸುಲಭ. ಖಾಲಿ ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವಾಗ ಸದ್ದು ಬಂದರೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಮಾತ್ರ ಆರಿಸಬೇಡಿ. ಆರಿಸಿದರೆ ಬ್ರೇಕೂ ಸ್ಟೇರಿಂಗೂ ಬಿಗಿಯಾಗುತ್ತವೆ. ಎಂಜಿನ್ ವೇಗ ಇಳಿದರೂ ಸದ್ದು ಹಾಗೇ ಉಳಿದರೆ ಅದು ಚಕ್ರದ ಜೊತೆ ತಿರುಗುವ ಭಾಗದ್ದು: ಟೈರು, ಬೇರಿಂಗ್, ಗೇರ್‌ಬಾಕ್ಸಿನ ಕಡೆಯಿಂದ ಬಲ ಒಯ್ಯುವ ಉದ್ದನೆಯ ದಂಡವಾದ ಪ್ರೊಪೆಲ್ಲರ್ ಶಾಫ್ಟ್, ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್.

ಟೈರಿನದೋ ಬೇರಿಂಗಿನದೋ ಎಂಬುದೇ ಹೆಚ್ಚಿನವರಿಗೆ ಗೊಂದಲ. ಕಚ್ಚು ದಪ್ಪವಿರುವ ಮಣ್ಣಿನ ಟೈರುಗಳು ಹೊಸದಿದ್ದಾಗಲೂ ಗುಂಯ್‌ಗುಡುತ್ತವೆ. ಆ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ. ಡಾಂಬರಿನಲ್ಲಿ ಒಂದು, ಸಿಮೆಂಟ್ ರಸ್ತೆಯಲ್ಲಿ ಇನ್ನೊಂದು. ಬೇರಿಂಗ್‌ಗೆ ರಸ್ತೆಯ ಗೊಡವೆಯಿಲ್ಲ, ಭಾರದ ಗೊಡವೆಯಿದೆ. ಗಾಡಿಯನ್ನು ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಹೋಗಿದೆ. ಬಳಿಕ ಗಾಡಿ ನಿಲ್ಲಿಸಿ ಅಂಗೈಯನ್ನು ಒಂದೊಂದೇ ಚಕ್ರದ ನಡುವಿನ ಹಬ್ಬಿನ ಹತ್ತಿರ ಒಯ್ಯಿರಿ, ಮುಟ್ಟಬೇಡಿ. ಉಳಿದವುಗಳಿಗಿಂತ ಒಂದು ಹೆಚ್ಚು ಕಾದಿದ್ದರೆ ಅಲ್ಲಿ ಬೇರಿಂಗ್ ಕೆಟ್ಟಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಇನ್ನು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಶಾಫ್ಟಿನ ತುದಿಯ ಕೀಲು. ಗಾಡಿ ನಿಧಾನವಾಗಿ ಹೊರಡುವಾಗ ಗುಬ್ಬಚ್ಚಿಯ ಹಾಗೆ ಚಿಕ್ ಚಿಕ್ ಎಂದು, ವೇಗ ಏರಿದಂತೆ ಅದು ಅವಸರವಾದರೆ, ಕ್ರಾಸಿನೊಳಗಿನ ಸೂಜಿ ಬೇರಿಂಗ್‌ಗಳಲ್ಲಿ ಗ್ರೀಸ್ ಒಣಗಿದೆ. ರಿವರ್ಸಿನಿಂದ ಮೊದಲ ಗೇರಿಗೆ ಹಾಕಿದಾಗ ಕೆಳಗೆ ಟಣ್ ಎಂದರೆ ಅದು ಸವೆದು ಸಡಿಲಾಗಿರಬಹುದು. ಕ್ರಾಸಿನ ಬೇರಿಂಗ್ ಕೂತಿರುವ ಬಟ್ಟಲ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಹೋಗಿದೆಯೆಂದೇ ಲೆಕ್ಕ ಎನ್ನುತ್ತಾರೆ. ಆದರೆ ಸಂಡೂರಿನ ಗಾಡಿಯಡಿ ಕೆಂಪಾಗದ ವಸ್ತು ಯಾವುದಿದೆ? ಅಲ್ಲಿ ಮೊದಲು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ದೂಳಿಲ್ಲದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಬೇಕು. ಆ ಬಟ್ಟಲ ಬಾಯಿಯಿಂದಲೇ ಪುಡಿ ಉದುರಿದ್ದರೆ ಅದು ಅದಿರಿನ ದೂಳಲ್ಲ, ತುಕ್ಕೇ.

ಗಾಡಿ ಕೆಡದಿದ್ದರೂ ಬರುವ ಸದ್ದೊಂದಿದೆ. ಕೆಸರು ದಾಟಿ ಬಂದವರು ಫೋರ್‌ವೀಲ್ ಲಿವರನ್ನು ತೆಗೆಯಲು ಮರೆತು ಡಾಂಬರು ಹತ್ತುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ನಮ್ಮ ಹೆಚ್ಚಿನ ಪಿಕಪ್‌ಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ರಸ್ತೆಯಲ್ಲಿ ಜಾರಲಾಗದೆ ಒತ್ತಡವೆಲ್ಲ ಶಾಫ್ಟುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಕಟಕ್ ಎನ್ನುತ್ತದೆ, ಲಿವರ್ ಬರುವುದೇ ಇಲ್ಲ. ಲಿವರನ್ನು ಗುದ್ದಬೇಡಿ. ಸ್ಟೇರಿಂಗ್ ನೇರ ಮಾಡಿ ಕೊಂಚ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲುತ್ತದೆ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿದವರಿಗೆ ನೇರ ರಸ್ತೆಯಲ್ಲೂ ಇದೇ ಪಾಡು ಬರಬಹುದು.

ಗದ್ದೆಯವರಿಗೆ ಇನ್ನೊಂದು ಮಾತು. ಓಡಿ ಕಾದ ಆಕ್ಸಲ್, ಅಂದರೆ ಡಿಫರೆನ್ಷಿಯಲ್ ಕೂತಿರುವ ಟೊಳ್ಳು ಕವಚ, ಕಾಲುವೆಯ ನೀರಿಗಿಳಿದರೆ ಒಳಗಿನ ಗಾಳಿ ಒಮ್ಮೆಗೇ ಕುಗ್ಗುತ್ತದೆ. ಉಸಿರಾಡಲು ಇರುವ ಸಣ್ಣ ಬ್ರೀದರ್ ಎರೆಮಣ್ಣಿನಿಂದ ಮುಚ್ಚಿದ್ದರೆ ಸೀಲುಗಳ ಸಂದಿನಿಂದ ನೀರು ಒಳಸೇರುತ್ತದೆ. ಕೆಲವು ವಾರಗಳಾದ ಮೇಲೆ ಡಿಫರೆನ್ಷಿಯಲ್ ಗೊರಗೊರ ಎನ್ನತೊಡಗುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆಗಲೇ ಆಯಿಲ್ ಬದಲಾಯಿಸಿದರೆ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಉಳಿಯುವ ಸಾಧ್ಯತೆ ಹೆಚ್ಚು.

ಕಂಕರ್ ರಸ್ತೆಯಿಂದ ಬಂದ ಕೂಡಲೇ ಚಕ್ರದಲ್ಲಿ ಕಿವಿ ಗಡಚಿಕ್ಕುವಂತೆ ಕಿರುಚಿದರೆ ಗಾಬರಿ ಬೇಡ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರುತ್ತದೆ, ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಹೆಚ್ಚಾಗಿ ಬೀಳುತ್ತದೆ. ಗಾಡಿ ನಿಂತು ಎಂಜಿನ್ ಓಡುತ್ತಿರುವಾಗ ಜಿರ್ ಎಂದರೆ ಸೈಲೆನ್ಸರ್ ಬಳಿಯ ಸಡಿಲ ತಗಡನ್ನು ಮೊದಲು ನೋಡಿ.

ಗಾಡಿಯ ಕೆಳಗೆ ಹೋಗಿ ನೋಡುವುದಾದರೆ ಬರಿಯ ಜಾಕನ್ನು ನಂಬಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಗಳಿಗೆ ಅಡ್ಡಗಲ್ಲು ಇಡಿ. ಇನ್ನು, ಟಣ್ ಎನ್ನುವ ಕ್ರಾಸನ್ನು ಮುಂದಿನ ವಾರಕ್ಕೆಂದು ಬಿಡಬೇಡಿ. ಅದು ಮುರಿದು ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಊರಿಕೊಂಡರೆ, ಓಡುತ್ತಿರುವ ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು.

ನಮಸ್ಕಾರ.