ಹಳೆಯ ಕಾರು ಕಂಡರೆ ಮೊದಲು ಕೀಲು ನೋಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಭಾನುವಾರದ ಬೆಳಗಿನ ಹೊತ್ತು ಮೈಸೂರಿನಲ್ಲಿ ಅರಮನೆಯ ಸುತ್ತಲೋ ಕುಕ್ಕರಹಳ್ಳಿ ಕೆರೆಯ ಬಳಿಯೋ ಹಳೆಯ ಕಾರೊಂದು ಹಾದುಹೋದರೆ ನಾವೆಲ್ಲ ತಿರುಗಿ ನೋಡುತ್ತೇವೆ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುತ್ತೇವೆ, ‘ವಿಂಟೇಜ್ ಕಾರು’ ಎಂದು ಹೇಳಿ ಮುಂದೆ ಸಾಗುತ್ತೇವೆ. ಅದು ಯಾವ ಕಾರು, ಯಾವ ಊರಿನ ಕಾರ್ಖಾನೆಯಿಂದ ಬಂದದ್ದು ಎಂದು ವಿಚಾರಿಸುವವರು ತೀರ ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಬಣ್ಣವನ್ನು ನೆಚ್ಚಬೇಡಿ, ಅದನ್ನು ಯಾರು ಬೇಕಾದರೂ ಬದಲಾಯಿಸಿರಬಹುದು. ಲಾಂಛನವನ್ನೂ ನೆಚ್ಚಬೇಡಿ, ಎಷ್ಟೋ ಕಾರುಗಳಲ್ಲಿ ಅದು ಉದುರಿಹೋಗಿರುತ್ತದೆ. ಕೀಲು ನೋಡಿ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಬಾನೆಟ್ಟು ಯಾವ ಕಡೆಗೆ ಏಳುತ್ತದೆ ಎಂಬುದನ್ನು ಗಮನಿಸಿ.

ಕೆಲವು ವರ್ಷಗಳ ಹಿಂದೆ ನಾನು ಅಗ್ರಹಾರದ ಕಡೆಯಿಂದ ನಡೆದು ಬರುತ್ತಿದ್ದಾಗ, ಹೊಂಗೆ ಮರದ ನೆರಳಿನಲ್ಲಿ ಕೆನೆಬಣ್ಣದ ಪುಟ್ಟ ಕಾರೊಂದು ಕೆಟ್ಟು ನಿಂತಿತ್ತು. ಸುತ್ತ ಸೇರಿದ್ದ ಕಾಲೇಜು ಹುಡುಗರಲ್ಲಿ ಒಬ್ಬ ಅದನ್ನು ಫಿಯೆಟ್ ಎಂದ, ಇನ್ನೊಬ್ಬ ಹೊರದೇಶದ್ದು ಎಂದ. ಎಪ್ಪತ್ತು ದಾಟಿದ್ದ ಯಜಮಾನರು ಅವರತ್ತ ಗಮನ ಕೊಡದೆ, ಮುಂದಿನ ಚಕ್ರಗಳ ಹಿಂಬದಿಯಲ್ಲಿ ಎರಡೂ ಪಕ್ಕಕ್ಕಿದ್ದ ಚಿಲಕಗಳನ್ನು ಬಿಡಿಸಿ ಬಾನೆಟ್ಟನ್ನು ಎತ್ತಿದರು. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡಿತು. ಬಯಲಾದ ಚಕ್ರದ ಮೇಲೆ ಅವರು ಮನೆಯ ಜಗಲಿಯಲ್ಲಿ ಕುಳಿತಷ್ಟು ನೆಮ್ಮದಿಯಿಂದ ಕುಳಿತು, ಇಂಜಿನ್ನಿಗೆ ಪೆಟ್ರೋಲು ಹಾಯಿಸುವ ಕಾರ್ಬ್ಯುರೇಟರಿನ ಜೆಟ್ಟನ್ನು, ಅಂದರೆ ಸಣ್ಣ ತೂತಿನ ಬಿಡಿಭಾಗವನ್ನು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಬಾಯಿಂದ ಎರಡು ಸಲ ಊದಿದರು.

“ಇದು ಹೆರಾಲ್ಡ್ ಅಲ್ಲವೇ, ಸಾರ್?” ಎಂದೆ.

“ಹೌದು ಸ್ವಾಮಿ, ಮದರಾಸಿನದು. ನಮ್ಮ ತಂದೆಯವರು ಕೊಂಡಿದ್ದು” ಎಂದರು.

ಆ ಕೀಲಿನ ಹಿಂದೆ ಒಂದು ಚರಿತ್ರೆಯೇ ಇದೆ. ಹೆರಾಲ್ಡ್ ಕಾರನ್ನು ಹೊರತಂದ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ತಗಡಿನ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲುಡ್ಲೋ ಕಾರ್ಖಾನೆಯು 1953ರಲ್ಲಿ ಎದುರಾಳಿ ಕಾರು ಕಂಪನಿಯಾದ ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಪಾಲಾದ್ದರಿಂದ, ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವುದು ಕಷ್ಟವಾಯಿತು. ಹಾಗಾಗಿ ಬಾಡಿಯನ್ನು ತುಂಡು ತುಂಡಾಗಿ ತಯಾರಿಸಿ, ಪ್ರತ್ಯೇಕ ಛಾಸಿಯ, ಅಂದರೆ ಅಡಿಯ ಚೌಕಟ್ಟಿನ, ಮೇಲೆ ಬೋಲ್ಟು ಬಿಗಿದು ಕೂಡಿಸುವ ದಾರಿಯನ್ನು ಹಿಡಿದರು. ಮೂತಿಯೂ ಹಾಗೆ ಬೇರೆಯೇ ತುಂಡಾದ್ದರಿಂದ ಅದು ಕೀಲಿನ ಮೇಲೆ ಮುಂದಕ್ಕೆ ಮಗುಚಬಲ್ಲದಾಯಿತು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪ ಕೊಟ್ಟ ಆ ಕಾರು ಅಲ್ಲಿ 1959ರಲ್ಲಿ ಹೊರಬಂದಿತು. 1961ರಿಂದ ಮದರಾಸಿನಲ್ಲಿಯೂ ತಯಾರಾಯಿತು. ನಾನು ಕಂಡ ಕಾರಿಗೆ ನಾಲ್ಕು ಬಾಗಿಲುಗಳಿದ್ದವು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ತಯಾರಾಗಲೇ ಇಲ್ಲ, ಅದು ನಮ್ಮ ದೇಶದ್ದು ಮಾತ್ರ ಎಂದು ನಾನು ಹೇಳಿದಾಗ, ಹೊರದೇಶದ ಕಾರೆಂದಿದ್ದ ಹುಡುಗ ಬಗ್ಗಿ ಒಂದೊಂದು ಬಾಗಿಲನ್ನೂ ನೋಡತೊಡಗಿದ. ಇಂಜಿನ್ ಚಾಲೂ ಆದ ಮೇಲೆ ಯಜಮಾನರು ಆ ಇಕ್ಕಟ್ಟಾದ ರಸ್ತೆಯಲ್ಲಿ, ರಿವರ್ಸ್ ಹಾಕದೆ, ಒಂದೇ ಸುತ್ತಿಗೆ ಕಾರನ್ನು ತಿರುಗಿಸಿಕೊಂಡು ಹೋದರು. ಸುಮಾರು 25 ಅಡಿ ಅಗಲದ ಸುತ್ತಿನಲ್ಲಿ ತಿರುಗಬಲ್ಲ ಕಾರು ಅದು!

ಫಿಯೆಟ್ 1100 ಕಾರಿಗೂ ಇದೇ ಮಾತು: ಕೀಲು ನೋಡಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಲ್ಲಿ ಹೊರತಂದ ಫಿಯೆಟ್ 1100ಗಳಲ್ಲಿ ಮುಂದಿನ ಬಾಗಿಲಿನ ಕೀಲೂ ಹಿಂದಿನ ಬಾಗಿಲಿನ ಕೀಲೂ ನಡುವಿನ ಕಂಬಕ್ಕೇ ಇದ್ದವು; ನಾಲ್ಕನ್ನೂ ತೆರೆದರೆ ಹಕ್ಕಿ ರೆಕ್ಕೆ ಬಿಚ್ಚಿದಂತೆ ಕಾಣುತ್ತಿತ್ತು. ಓಡುವಾಗ ಅಂಥ ಮುಂದಿನ ಬಾಗಿಲಿನ ಚಿಲಕ ಸಡಿಲವಾದರೆ ಗಾಳಿ ಅದನ್ನು ಪೂರ್ತಿ ಹಿಂದಕ್ಕೆ ಎಳೆದುಬಿಡುವ ಅಪಾಯವಿತ್ತು. 1964ರ ಸುಮಾರಿಗೆ ಬಂದ ಇದರ ಹೊಸ ಮಾದರಿ ಡಿಲೈಟ್‌ನಲ್ಲಿ ಮುಂದಿನ ಬಾಗಿಲಿನ ಕೀಲು ಮುಂದಕ್ಕೆ ಹೋಗಿತ್ತು, ಮುಂದೆ ಅದೇ ಕಾರು ಪದ್ಮಿನಿ ಎಂಬ ಹೆಸರು ಪಡೆಯಿತು.

ಅಂಬಾಸಿಡರ್ ಬಗ್ಗೆ ಹೇಳಲು ಸಮಯ ಸ್ವಲ್ಪವೇ ಉಳಿದಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಿಂದ ಬಂದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಈ ಕಾರಿನ ಬಾಗಿಲುಗಳು ಕೊನೆಯವರೆಗೂ ಒಂದೇ ರೀತಿ ತೆರೆದವು. ಆದ್ದರಿಂದ ಇದೊಂದಕ್ಕೆ ಮಾತ್ರ ಮುಂಭಾಗದ ಜಾಲರಿಯನ್ನು ನೋಡಿ. ಸಣ್ಣ ಸಣ್ಣ ಚೌಕಳಿ ಇದ್ದರೆ ಅದು ಮಾರ್ಕ್ 2, ಅಂದರೆ ಈ ಕಾರಿನ ಎರಡನೆಯ ಮಾದರಿ, ಎಂದು ತಿಳಿಯಿರಿ.

ಇಂಥ ಕಾರುಗಳು ರಸ್ತೆಯಲ್ಲಿ ನೋಡಲು ಸಿಗದಿದ್ದರೆ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲೇ ಇರುವ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ರಸ್ತೆಯಲ್ಲಿಯೇ ಕಂಡರೆ, ಚಿತ್ರ ತೆಗೆಯುವ ಮುನ್ನ ಯಜಮಾನರನ್ನು ಮಾತನಾಡಿಸಿ, ಅವರ ಅನುಮತಿ ಪಡೆದು ಒಂದು ಬಾಗಿಲನ್ನು ತೆರೆಸಿ, ಕೀಲು ನೋಡಿ. ನಮಸ್ಕಾರ.