ಬಲ್ಗೇರಿಯನ್ನಿನ 'ತಾ': ಪ್ರತ್ಯಯವೋ, ಬೇರೆ ಪದವೋ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ 'ದ' ನಿಮಗೆ ಗೊತ್ತೇ ಇದೆ, ನಾಮಪದಕ್ಕಿಂತ ಮೊದಲು ಬೇರೆಯಾಗಿ ನಿಲ್ಲುತ್ತದೆ. ಬಲ್ಗೇರಿಯನ್ ಮತ್ತು ಮ್ಯಾಸಿಡೋನಿಯನ್ ಭಾಷೆಗಳಲ್ಲಿ ಆ ಕೆಲಸ ಮಾಡುವುದು ಪದದ ಕೊನೆಗೆ ಅಂಟಿಕೊಳ್ಳುತ್ತದೆ. 'ಕ್ನಿಗಾ' ಅಂದರೆ ಪುಸ್ತಕ. 'ಕ್ನಿಗಾತಾ' ಅಂದರೆ ನಮಗಿಬ್ಬರಿಗೂ ಗೊತ್ತಿರುವ ಆ ಪುಸ್ತಕ.

ಇಷ್ಟೇ ಆಗಿದ್ದರೆ ನಮ್ಮ 'ಅನ್ನು', 'ಇಂದ' ಇದ್ದ ಹಾಗೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ 'ಹೊಸ' ಅಂತ ಸೇರಿಸಿ ನೋಡಿ: 'ನೋವಾತಾ ಕ್ನಿಗಾ'. 'ತಾ' ಪುಸ್ತಕವನ್ನು ಬಿಟ್ಟು 'ಹೊಸ'ದ ಮೇಲೆ ಕೂತಿತು! 'ನನ್ನ ಹೊಸ ಪುಸ್ತಕ' ಅಂದರೆ 'ಮೋಯಾತಾ ನೋವಾ ಕ್ನಿಗಾ', ಈಗ ಅದು 'ನನ್ನ'ದ ಮೇಲೆ. ಕನ್ನಡದಲ್ಲಿ ಎಷ್ಟು ವಿಶೇಷಣ ಸೇರಿಸಿದರೂ 'ಅನ್ನು' ಪುಸ್ತಕವನ್ನು ಬಿಟ್ಟು ಕದಲುವುದಿಲ್ಲ, ಅಲ್ವಾ?

ಅದಕ್ಕೇ ಕೆಲವರು ಇದು ಪ್ರತ್ಯಯವೇ ಅಲ್ಲ, ಕ್ಲಿಟಿಕ್ ಅಂತಾರೆ, ಅಂದರೆ ಸ್ವಂತ ಬಲದಿಂದ ನಿಲ್ಲಲಾರದೆ ಪಕ್ಕದ ಪದಕ್ಕೆ ಒರಗಿಕೊಳ್ಳುವ ಪುಟ್ಟ ಪದ. 1983ರಲ್ಲಿ ಭಾಷಾವಿಜ್ಞಾನಿಗಳಾದ ಆರ್ನಾಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಮ್ ಪ್ರತ್ಯಯ, ಕ್ಲಿಟಿಕ್ ಎರಡನ್ನೂ ಬೇರ್ಪಡಿಸಲು ಕೆಲವು ಪರೀಕ್ಷೆಗಳನ್ನು ಕೊಟ್ಟರು. ಕ್ಲಿಟಿಕ್ ಸಿಕ್ಕ ಪದಕ್ಕೆಲ್ಲ ಅಂಟುತ್ತದೆ, ಪ್ರತ್ಯಯ ಆರಿಸಿ ಅಂಟುತ್ತದೆ, ಇದು ಅವುಗಳಲ್ಲಿ ಒಂದು. ನಮ್ಮ 'ಊ' ನೋಡಿ: ಅವನೂ, ನಾಳೆಯೂ, ಬಂದೂ. ಬಲ್ಗೇರಿಯನ್ನಿನ 'ತಾ' ಹಾಗಲ್ಲ. 'ತುಂಬಾ ಚೆಂದದ ಪುಸ್ತಕ' ಅನ್ನುವಾಗ 'ಮ್ನೋಗೊ ಹೂಬಾವಾತಾ ಕ್ನಿಗಾ' ಅಂತಾರೆ. 'ಮ್ನೋಗೊ' ಅಂದರೆ ತುಂಬಾ. ಮೊದಲ ಪದ ಅದೇ, ಆದರೂ 'ತಾ' ಅದನ್ನು ದಾಟಿ ಗುಣವಾಚಕವನ್ನೇ ಹುಡುಕಿಕೊಂಡು ಹೋಗುತ್ತದೆ.

ಇನ್ನೂ ಗಟ್ಟಿ ಸಾಕ್ಷಿ ಒಂದು ಸಾಧಾರಣ ಪದದಲ್ಲಿದೆ. 'ಬಷ್ತಾ' ಅಂದರೆ ಅಪ್ಪ, ಪುಲ್ಲಿಂಗ. ಆದರೆ ಪದ 'ಆ'ದಲ್ಲಿ ಮುಗಿಯುವುದರಿಂದ 'ಬಷ್ತಾತಾ' ಆಗುತ್ತದೆ, ಸ್ತ್ರೀಲಿಂಗದ 'ಕ್ನಿಗಾ'ಗೆ ಹತ್ತುವ ಅದೇ 'ತಾ'! ಮುಂದೆ 'ಒಳ್ಳೆಯ' ಬಂದರೆ 'ದೋಬ್ರಿಯತ್ ಬಷ್ತಾ', ಈಗ ಪುಲ್ಲಿಂಗದ ರೂಪ. ತಾನು ಕೂರುವ ಪದದ ಆಕಾರವನ್ನು ಇಷ್ಟು ಹತ್ತಿರದಿಂದ ನೋಡಿ ರೂಪ ಬದಲಿಸುವುದು ಪ್ರತ್ಯಯದ ಗುಣ ಅಂತ ನಾನು ಬಲವಾಗಿ ನಂಬುತ್ತೇನೆ.

ಕಿವಿಗೂ ಇದು ಕೇಳಿಸುತ್ತದೆ. ಊರು ಅನ್ನಲು 'ಗ್ರಾದ್' ಅಂತ ಬರೆಯುತ್ತಾರೆ, ಆದರೆ ಪದದ ಕೊನೆಯಲ್ಲಿ 'ದ' ನಿಲ್ಲದೆ 'ಗ್ರಾತ್' ಆಗುತ್ತದೆ. 'ಊರು ಆಗಿದೆ' ಅನ್ನುವಾಗ ಪಕ್ಕದಲ್ಲಿ 'ಎ' ಬಂದರೂ 'ಗ್ರಾತ್ ಎ'. 'ಆ ಊರು' ಮಾತ್ರ 'ಗ್ರದತ್', 'ದ' ಹಾಗೇ ಉಳಿಯಿತು. ಅಂದರೆ ಪದ ಅಲ್ಲಿಗೆ ಮುಗಿದೇ ಇಲ್ಲ.

ಮ್ಯಾಸಿಡೋನಿಯನ್ನಿನಲ್ಲಿ ಒತ್ತು ಕೊನೆಯಿಂದ ಮೂರನೇ ಅಕ್ಷರಕ್ಕೆ. 'ವೊದೆನಿಚಾರ್' ಅಂದರೆ ಗಿರಣಿಯವನು, ಒತ್ತು 'ದೆ'ಗೆ. 'ವೊದೆನಿಚಾರಿತೆ', ಆ ಗಿರಣಿಯವರು, ಅಂದಾಗ ಒತ್ತು 'ಚಾ'ಗೆ ಸರಿಯುತ್ತದೆ, ಅಂದರೆ ಕೊನೆಯ 'ತೆ'ಯನ್ನೂ (ಬಹುವಚನದ 'ತಾ') ಪದದ ಒಳಗೇ ಎಣಿಸುತ್ತಾರೆ. ಇದೊಂದನ್ನೇ ಸಾಕ್ಷಿ ಅಂತ ಹಿಡಿಯಬಾರದು, ಯಾಕೆಂದರೆ 'ದೊನೆಸಿ ಮಿ ಗೊ', ಅದನ್ನು ನನಗೆ ತಂದುಕೊಡು, ಅನ್ನುವಾಗ ಬೇರೆ ಪದಗಳನ್ನೂ ಹೀಗೇ ಸೇರಿಸಿ ಎಣಿಸುತ್ತಾರೆ.

ಮ್ಯಾಸಿಡೋನಿಯನ್ನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಅಲ್ಲಿ 'ಕ್ನಿಗಾತಾ' ಒಂದೇ ಅಲ್ಲ. ನನ್ನ ಕೈಯಲ್ಲಿರುವುದು 'ಕ್ನಿಗಾವಾ', ದೂರದ ಕಪಾಟಿನಲ್ಲಿರುವುದು 'ಕ್ನಿಗಾನಾ'. ಬೆರಳು ತೋರಿಸುವ ಕೆಲಸವನ್ನು ಇವು ಇನ್ನೂ ಬಿಟ್ಟಿಲ್ಲ, ನಮ್ಮ 'ಈ', 'ಆ' ಥರ. ಆದರೂ ಕೈಯಲ್ಲಿರುವ ಪುಸ್ತಕ ಹೊಸದಾದರೆ 'ನೋವಾವಾ ಕ್ನಿಗಾ' ಅಂತಲೇ ಹೇಳಬೇಕು.